ಕೆಳದನಿಯ ಸಾಲು

ಭೀಮೇಶ್ ಅವರ ಕಾರ್ಯಕ್ರಮಕ್ಕೆ ಹೋದರೆ ಮನೆಗೆ ಬರುವಾಗ ಗುನುಗಲು ಒಂದು ಹಾಡೂ ಸಿಗುವುದಿಲ್ಲ ಎಂಬ ಮಾತು ತಿಲಕ್ ನಗರದಿಂದ ಬನಶಂಕರಿಯವರೆಗೂ ಇತ್ತು. ಮಾತು ಸುಳ್ಳೇನಲ್ಲ. ಬ್ಯಾಂಕಿನ ಕೆಲಸದ ಜೊತೆಗೆ ಮೂವತ್ತು ವರ್ಷ ವೃಂದಗಾನದ ತಂಡ ನಡೆಸಿದ ಈ ಮನುಷ್ಯ ಜನಕ್ಕೆ ಗೊತ್ತಿರುವ ಹಾಡನ್ನು ಒಮ್ಮೆಯೂ ಹಾಡಿಸಿದವರಲ್ಲ. ಯಾರೋ ಆಗಷ್ಟೇ ಬರೆದು, ಯಾರೋ ಆಗಷ್ಟೇ ರಾಗ ಹಾಕಿದ್ದು ಬೇಕು. ರಾಜ್ಯೋತ್ಸವ ಸಮಿತಿಯವರು ಎಲ್ಲರಿಗೂ ಗೊತ್ತಿರುವ ನಾಲ್ಕು ಹಾಡು ಹಾಡಿಸಿ ಎಂದು ಬೇಡಿಕೊಂಡರೆ, ಮೊಬೈಲಿನಲ್ಲೇ ಹಾಕಿಕೊಳ್ಳಿ, ನಾವ್ಯಾಕೆ ಎಂದುಬಿಡುವರು. ಮುಂದಿನ ವರ್ಷ ಆ ಸಮಿತಿ ಇವರನ್ನು ಕರೆಯುತ್ತಿರಲಿಲ್ಲ. ಇಂಥ ಹಟಮಾರಿಯೊಡನೆ ಸಂಸಾರ ಮಾಡಿದವರು ಸುಧಾಮಣಿ. ಅವರೂ ಅದೇ ತಂಡದ ಎರಡನೇ ಸಾಲಿನಲ್ಲಿ ನಿಂತು ಹೆಂಗಸರ ಕೆಳದನಿ ಹಾಡುತ್ತಿದ್ದರು.

ಆ ಸಾಲಿಗೊಂದು ಕೆಟ್ಟ ಚಾಳಿಯಿತ್ತು. ಎದುರಿಗೆ ನಿಂತು ಹಾಡು ನಡೆಸುವ ಭೀಮೇಶರ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ಸುಧಾಮಣಿ ಉಸಿರೆಳೆದುಕೊಂಡರೆ ಎಲ್ಲರೂ ಎಳೆದುಕೊಳ್ಳುವುದು, ಅವರು ಬಾಯಿ ತೆರೆದರೆ ಎಲ್ಲರೂ ತೆರೆಯುವುದು. "ನನ್ ಕೈ ಇರೋದು ನೊಣ ಓಡ್ಸೋಕಾ?" ಎಂದು ಭೀಮೇಶ್ ರೇಗಿದರೆ ಹೆಂಗಸರೆಲ್ಲ ನಗುತ್ತಿದ್ದರು.

ಈ ಸಲದ ಹೊಸ ಹಾಡು ಬಿಳೇಕಹಳ್ಳಿಯ ಮೇಘಶ್ರೀ ಎಂಬ ಹುಡುಗಿಯದು. ನೀರಿನ ಟ್ಯಾಂಕರಿಗೆ ಕಾಯುವ ಹೆಂಗಸರ ಹಾಡು. ಕೊನೆಯ ಚರಣದಲ್ಲಿ ಉಳಿದವರೆಲ್ಲ ಸುಮ್ಮನಾಗಿ ಕೆಳದನಿಯೊಂದೇ ಶುರುವಾಗಬೇಕು. ಜಯನಗರದ ಕಾರ್ಯಕ್ರಮಕ್ಕೆ ಎರಡು ವಾರವಿರುವಾಗ, ಹಾಡು ಎಲ್ಲರ ಬಾಯಿಗೂ ಬಂದಿದ್ದ ಹೊತ್ತಿಗೆ, ಸುಧಾಮಣಿ ಎದೆ ಹಿಡಿದುಕೊಂಡಂತಾಗುತ್ತಿದೆ ಎಂದು ಕುರ್ಚಿಯಲ್ಲಿ ಕೂತರು. ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬುದ್ಧವಂದನೆ ಮಾಡಿ, ಮಣ್ಣು ಮಾಡಿ ಬಂದಾಗಲೂ ಭೀಮೇಶ್ ಅಳಲಿಲ್ಲ. ಬಂದವರಿಗೆ ನೀರು ಕೊಟ್ಟರು, ಚಪ್ಪಲಿ ಹುಡುಕಿಕೊಟ್ಟರು. ಇಸ್ತ್ರಿಯವನು ಇವರ ಜುಬ್ಬದ ಜೊತೆ ಸುಧಾಮಣಿಯ ಕಾರ್ಯಕ್ರಮದ ಸೀರೆಯನ್ನೂ ಮಡಿಸಿ ಕೊಟ್ಟ, ತಂದು ಬೀರುವಿನಲ್ಲಿಟ್ಟರು. ಒಳಗೆ ಏನೂ ಆಗಲಿಲ್ಲ. ಏನಾದರೂ ಆಗಬೇಕಲ್ಲ ಎಂದು ಸ್ವಲ್ಪ ಹೊತ್ತು ಬೀರುವಿನ ಮುಂದೆ ನಿಂತೂ ನೋಡಿದರು. ತಾಲೀಮು ಇಟ್ಟುಕೊಳ್ಳೋಣವೇ ಎಂದು ಕೇಳುವ ಧೈರ್ಯ ತಂಡದಲ್ಲಿ ಯಾರಿಗೂ ಬರಲಿಲ್ಲ. ಅಕ್ಕ ಪಾರ್ವತಮ್ಮನಂತೂ ಕಾರ್ಯಕ್ರಮವನ್ನೇ ಬಿಟ್ಟುಬಿಡು, ಜನ ಏನಂದಾರು ಎಂದರು. ಭೀಮೇಶ್ ಕೇಳಲಿಲ್ಲ. ಅವಳು ಕಲಿತ ಕೊನೆಯ ಹಾಡು. ಅದು ಕಿವಿಗೆ ಬಿದ್ದರೆ ಆಗಲಾದರೂ ಅಳು ಬಂದೀತು ಎಂಬುದೊಂದೇ ಅವರ ಆಸೆ. ಅಳುವುದಕ್ಕೆ ಹೋಗುತ್ತಿದ್ದೇನೆ ಎಂದು ಅಕ್ಕನಿಗೆ ಹೇಳುವುದಾದರೂ ಹೇಗೆ?

ಸಭಾಂಗಣ ಅರ್ಧ ತುಂಬಿತ್ತು. ಟ್ಯಾಂಕರಿನ ಹಾಡು ಕೊನೆಯ ಚರಣಕ್ಕೆ ಬಂದು ಎಲ್ಲರೂ ಸುಮ್ಮನಾದರು. ಭೀಮೇಶ್ ಎರಡನೇ ಸಾಲಿನತ್ತ ತಿರುಗಿ, ಅಭ್ಯಾಸಬಲದಿಂದ, ಸುಧಾಮಣಿ ನಿಲ್ಲುತ್ತಿದ್ದ ಜಾಗಕ್ಕೇ ಕೈ ತೋರಿಸಿದರು. ಆ ಜಾಗವನ್ನು ಹೆಂಗಸರು ಹಾಗೇ ಬಿಟ್ಟು ನಿಂತಿದ್ದರು. ಅವರೂ ಅತ್ತಲೇ ಕಿವಿಗೊಟ್ಟು ಆ ಉಸಿರಿಗೆ ಕಾದರು. ಉಸಿರು ಬರಲಿಲ್ಲ. ಒಂದಿಡೀ ಪಂಕ್ತಿ ಖಾಲಿ ಹೋಯಿತು. ಆಮೇಲೆ ಗಂಡಸರು ಸೇರಿಕೊಂಡು ಹಾಡು ಹೇಗೋ ದಡ ಮುಟ್ಟಿತು.

ಸಭೆಗೇನು ಗೊತ್ತು? ಹೊಸ ಹಾಡು, ಅದು ಇರುವುದೇ ಹಾಗೆ ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಅಲ್ಲಿ ಇಲ್ಲದ್ದು ಏನೆಂದು ಭೀಮೇಶರಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆ ಹಲಗೆಯಂತೆ ಸುಮ್ಮನಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದರು, ಇನ್ನಷ್ಟು ಜನ ದನಿಗೂಡಿಸಿದರು. ಭೀಮೇಶರ ಜೀವಮಾನದಲ್ಲಿ ಹೊಸ ಹಾಡಿಗೆ ಒನ್ಸ್ ಮೋರ್ ಬಂದದ್ದು ಅದೇ ಮೊದಲು.

ಎರಡನೇ ಸಾಲಿನ ವನಿತಾ ಮುಂದೆ ಬಾಗಿ ಮೆಲ್ಲಗೆ ಹೇಳಿದರು: "ಸಾರ್, ಕೈ ನಮ್ ಕಡೆ ತೋರ್ಸಿ. ಈ ಸಲ ನಿಮ್ಮನ್ನೇ ನೋಡ್ತೀವಿ."

ಮತ್ತೆ ಆ ಚರಣ ಬಂತು. ಭೀಮೇಶ್ ವನಿತಾರತ್ತ ಕೈ ತೋರಿಸಿದರು. ಸಾಲಿನವರೆಲ್ಲ ಅವರ ಬೆರಳನ್ನೇ ನೋಡುತ್ತ ಒಟ್ಟಿಗೆ ಉಸಿರೆಳೆದುಕೊಂಡು, ಕೂದಲೆಳೆಯಷ್ಟೂ ತಪ್ಪದೆ ಶುರುಮಾಡಿದರು. ಕೆಳದನಿ ತುಂಬಿ ಬಂತು. ಯಾರೂ ಯಾರಿಗೂ ಕಾಯಲಿಲ್ಲ.

ಸುಧಾಮಣಿ ಸತ್ತಿದ್ದಾಳೆ ಎಂದು ಭೀಮೇಶರಿಗೆ ಗೊತ್ತಾದದ್ದು ಆಗ. ಸಭೆಗೆ ಬೆನ್ನು ಮಾಡಿ ನಿಂತಲ್ಲೇ ಅತ್ತರು. ಹೆಂಗಸರು ಅದನ್ನು ನೋಡುತ್ತಲೇ ಹಾಡಿದರು, ಏಕೆಂದರೆ ಭೀಮೇಶ್ ಕೈ ಇಳಿಸಿರಲಿಲ್ಲ.