ಪರೀಕ್ಷೆ ಎಂದು ಬರೆದ ಅರವತ್ತಮೂರು

ಊಟದ ಡಬ್ಬಿ ತೊಳೆದು ತಂದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತ ಕನ್ನಡಕ ಹೇಳಿದ: "ಒಳ್ಳೇ ಸುದ್ದಿ. ಪೆಟ್ಟಿಗೆ ಗುಡಿಸಿ ಆಯ್ತು. ಕಸ ಎಲ್ಲ ಹೋಯ್ತು."

ಅವನಿಗೆ ಬೇರೆ ಹೆಸರಿದೆ. ಆದರೆ ಮೂಗಿನ ಮೇಲೆ ಒಂದು, ಹಣೆಯ ಮೇಲೆ ಒಂದು ಏರಿಸಿಕೊಂಡು ಮೂರನೆಯದಕ್ಕೆ ಮೇಜೆಲ್ಲ ತಡಕಾಡುವವನನ್ನು ಬೇರೆ ಏನೆಂದು ಕರೆಯುವುದು? ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಗುಡ್ಡದ ಮೇಲಿನ ನಮ್ಮ ಜನರ ನುಡಿಗೆ ಲಿಪಿಯಿಲ್ಲ, ಚೆನ್ನಾಗಿ ಆಡಬಲ್ಲವರು ಬೆರಳೆಣಿಕೆಯಷ್ಟು. ಆ ನುಡಿಯ ಪದ, ಕಥೆ, ಹಾಡುಗಳನ್ನು ಫೋನಿನಲ್ಲಿ ಹಿಡಿದಿಡುವ ಆ್ಯಪ್ ಒಂದನ್ನು ನಾವು ಕಟ್ಟುತ್ತಿದ್ದೆವು. ನುಡಿಪೆಟ್ಟಿಗೆ ಎಂದು ಅದಕ್ಕೆ ಹೆಸರು. ಯಂತ್ರದ ಒಳಗಿನ ಕೆಲಸ ಅವನದು. ಹಿರಿಯರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ದನಿ ಹಿಡಿಯುವ ಕೆಲಸ ನನ್ನದು. ಸೋಮವಾರ ಅದನ್ನು ಶಾಲೆಗಳಿಗೆ ಕೊಡಬೇಕಿತ್ತು.

"ಯಾವ ಕಸ?" ಎಂದೆ.

"ಅದೇ, 'ಹಲೋ, ಹಲೋ, ಕೇಳಿಸ್ತಾ' ಅಂತ ಎಲ್ಲರೂ ಮಾಡಿಟ್ಟಿರ್ತಾರಲ್ಲ. ಪರೀಕ್ಷೆ ಅಂತ ಚೀಟಿ ಇದ್ದದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿದೆ. ಬ್ಯಾಕಪ್‌ನಿಂದಲೂ. ಸುಮ್ನೆ ಜಾಗ ತಿಂತಿತ್ತು."

ಭಯ ಎದೆಯಲ್ಲಿ ಹುಟ್ಟುತ್ತದೆ ಎನ್ನುತ್ತಾರೆ. ನನಗೆ ಅದು ಅಂಗಾಲಿನಿಂದ ಬಂತು. ಚಪ್ಪಲಿಯೊಳಗೆ ಪಾದ ತಣ್ಣಗಾಯಿತು, ಆಮೇಲೆ ಮೊಣಕಾಲು, ಆಮೇಲೆ ನಾನು ಕುರ್ಚಿ ಹಿಡಿದುಕೊಂಡೆ.

ನನ್ನ ತಾಯಿಯ ಅಕ್ಕ, ನನ್ನ ದೊಡ್ಡಮ್ಮ, ಫೋನಿನ ಕೆಂಪು ಚುಕ್ಕೆಗೆ ಹೆದರುತ್ತಿದ್ದಳು. ದನಿ ಹಿಡಿಯತೊಡಗಿದಾಗ ಪರದೆಯ ಮೂಲೆಯಲ್ಲಿ ಹೊತ್ತಿಕೊಳ್ಳುವ ಚುಕ್ಕೆ ಅದು. ಹತ್ತು ಜನರ ನಡುವೆ ಕೂತು ಹನ್ನೊಂದು ಜನರ ಮಾತು ಒಬ್ಬಳೇ ಆಡುವ ಹೆಂಗಸು, ಅದು ಹೊತ್ತಿದ್ದೇ ತಡ, ಕಲ್ಲಾಗಿಬಿಡುವಳು. "ತಪ್ಪು ಹೇಳಿದ್ರೆ ತಪ್ಪೇ ಉಳ್ಕೊಳ್ಳುತ್ತಲ್ಲೇ. ನಾನು ಹೋದ್ಮೇಲೂ ನನ್ನ ತಪ್ಪು ಮಾತ್ರ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿರುತ್ತೆ." ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ನಾನು ಬೇಸತ್ತು, "ಇದು ನಿಜದ್ದಲ್ಲ ದೊಡ್ಡಮ್ಮ, ಬರೀ ಪರೀಕ್ಷೆ. ಯಂತ್ರ ಸರಿಯಾಗಿದೆಯಾ ಅಂತ ನೋಡೋಕೆ," ಎಂದೆ.

"ಹಾಗಂತ ಬರೆದು ತೋರಿಸು."

ಪ್ರತಿ ಧ್ವನಿಗೂ ನಾವು ಒಂದು ಚೀಟಿ ಅಂಟಿಸುತ್ತೇವೆ: ಪದ, ಕಥೆ, ಹಾಡು, ಪರೀಕ್ಷೆ. ಅವಳ ಫೋನಿನಲ್ಲಿ ನಾನು ಕೊನೆಯದನ್ನು ಒತ್ತಿದೆ. ಅವಳು ಫೋನನ್ನು ಮುಖದ ಹತ್ತಿರ ತಂದು ಒಂದೊಂದೇ ಅಕ್ಷರ ಓದಿಕೊಂಡಳು. ಆಮೇಲೆ ನಲವತ್ತು ನಿಮಿಷ ಉಸಿರು ಬಿಡದೆ ಹೇಳಿದಳು, ನದಿಯನ್ನು ಮದುವೆಯಾಗಲು ಹೊರಟ ಕುಂಟನ ಕಥೆ. ಅಂಥದ್ದು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ.

ಎರಡು ವರ್ಷದಲ್ಲಿ ಹಾಗೆ ಅರವತ್ತಮೂರು ಆದವು. ಪ್ರತಿ ಸಲವೂ ಅವಳು ಚೀಟಿ ನೋಡಿಯೇ ಬಾಯಿ ತೆರೆಯುತ್ತಿದ್ದಳು. "ಕೈ ಪಳಗಲಿ, ಆಮೇಲೆ ನಿಜದ್ದು ಮಾಡೋಣ," ಎನ್ನುತ್ತಿದ್ದಳು. ಚೀಟಿ ಬದಲಿಸಬೇಕಾದರೆ ಮೊದಲು ಅವಳಿಗೆ ಸತ್ಯ ಹೇಳಬೇಕು. ಹೇಳಿದರೆ ಮತ್ತೆ ಕಲ್ಲಾಗುತ್ತಾಳೆ. ಇವತ್ತು, ನಾಳೆ ಎಂದು ನಾನು ಮುಂದೂಡಿದೆ. ದೇವರ ಎದುರು ದೀಪ ಹಚ್ಚುವಾಗೆಲ್ಲ ಈ ಒಂದು ಮಾತು ಗಂಟಲಲ್ಲಿ ಬಂದು ನಿಲ್ಲುತ್ತಿತ್ತು.

ಈಗ ಅವಳ ಗಂಟಲಲ್ಲೇ ಗೆಡ್ಡೆ. ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು.

ಕನ್ನಡಕನಿಗೆ ಎಲ್ಲವನ್ನೂ ಹೇಳಿದೆ. ಅವನು ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅಷ್ಟು ಬರಿದಾದ ಅವನ ಮುಖವನ್ನು ನಾನು ನೋಡಿರಲಿಲ್ಲ.

"ನನಗೆ ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು. ವಾಪಸ್ ತರೋಕಾಗುತ್ತಾ?"

"ಇಲ್ಲಿಂದ ಆಗಲ್ಲ. ಆದ್ರೆ ಮೂಲ ಅವರ ಫೋನಲ್ಲೇ ಇರುತ್ತೆ." ಒಂದು ಕ್ಷಣ ಉಸಿರು ಬಂತು. ಅವನೇ ಅದನ್ನು ಕಿತ್ತುಕೊಂಡ. "ಫೋನ್ ಆನ್ ಆಗಿ ನೆಟ್‌ವರ್ಕ್ ಸಿಕ್ಕಿದ್ರೆ ಅಲ್ಲೂ ಅಳಿಯುತ್ತೆ. ನೀನೇ ತಾನೆ ಹಠ ಮಾಡಿದ್ದು?"

ಹೌದು, ನಾನೇ. ಯಾರ ದನಿಯೋ ಅವರ ಫೋನಿನಲ್ಲೇ ಇರಲಿ, ಕಚೇರಿಯಲ್ಲಿ ನಕಲು ಮಾತ್ರ ಇರಲಿ. ನಾಳೆ ಒಬ್ಬರು ಬೇಡವೆಂದರೆ ಎಲ್ಲ ಕಡೆಯೂ ಅಳಿಯಲಿ, ನಮ್ಮ ಜನರ ಮಾತು ಕದ್ದು ಇಟ್ಟುಕೊಂಡ ಪಾಪ ನಮಗೆ ಬೇಡ. ಹೀಗೆಂದು ಎಲ್ಲರ ಮುಂದೆ ಕೈಮುಗಿದು ಕೇಳಿ ಆ ನಿಯಮ ಮಾಡಿಸಿದವಳು ನಾನು.

"ನಿಲ್ಲಿಸು ಅದನ್ನ."

"ಅಂಚೆ ಡಬ್ಬಕ್ಕೆ ಹಾಕಿದ ಕಾಗದ ಅದು. ನನ್ನ ಕೈ ಬಿಟ್ಟಾಗಿದೆ. ಅವರ ಫೋನ್ ಕಣ್ಣು ಬಿಡೋದನ್ನೇ ಕಾಯ್ತಿರುತ್ತೆ. ಓಡು. ಬ್ಯಾಟರಿ ಕಿತ್ತು ತಗೊಂಡು ಬಾ. ಆನ್ ಮಾಡದೆ ತೆಗೆಯೋ ದಾರಿ ನಾನು ನೋಡ್ತೀನಿ."

ದೊಡ್ಡಮ್ಮ ಫೋನನ್ನು ಸದಾ ಆಫ್ ಮಾಡಿ ಕರವಸ್ತ್ರದಲ್ಲಿ ಸುತ್ತಿ ಇಡುವವಳು. ಸುಮ್ಮನೆ ಉರಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ಅವಳ ನಂಬಿಕೆ. ಆ ನಂಬಿಕೆಯೊಂದೇ ನನಗೆ ಆಸರೆ. ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದ ಅಣ್ಣನಿಗೆ, ಅಂದರೆ ಅವಳ ಮಗನಿಗೆ, ಐದು ಸಲ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಬಸ್ಸಿನಲ್ಲಿ ಕೂರಲಾಗದೆ ಬಾಗಿಲ ಕಂಬಿ ಹಿಡಿದು ನಿಂತೆ. ಪ್ರತಿ ನಿಲ್ದಾಣದಲ್ಲೂ ಹತ್ತುವವರು ಅದೆಷ್ಟು ನಿಧಾನವಾಗಿ ಹತ್ತುತ್ತಿದ್ದರು! ಒಬ್ಬಾಕೆ ಚೀಲದೊಳಗೆ ಚಿಲ್ಲರೆ ಹುಡುಕುತ್ತ ಮೆಟ್ಟಿಲ ಮೇಲೇ ನಿಂತಿದ್ದಳು. ಅವಳ ಮೇಲೆ ಕಿರುಚಬೇಕೆನಿಸಿತು. ಕಿರುಚಲಿಲ್ಲ, ತಂದೆಯೇ, ತಂದೆಯೇ ಎಂದು ಒಳಗೇ ಜಪಿಸಿದೆ. ಜಪದಲ್ಲಿ ಭಕ್ತಿಯಿರಲಿಲ್ಲ, ಬರೀ ನಡುಕವಿತ್ತು. ಅಂಥ ಜಪವೂ ದೇವರಿಗೆ ತಲುಪುತ್ತದೆಯೇ ಎಂದು ನಾನು ಈಗಲೂ ಯೋಚಿಸುತ್ತೇನೆ.

ಆಸ್ಪತ್ರೆಯ ಮೂರನೆಯ ಮಹಡಿ. ಲಿಫ್ಟಿನ ಮುಂದೆ ಜನ. ಮೆಟ್ಟಿಲು ಹತ್ತಿದೆ. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಕೈ ಅಡ್ಡ ಹಿಡಿದರು. "ನಾಲ್ಕು ಗಂಟೆಗೆ ಬಿಡೋದು. ಇನ್ನೂ ಇಪ್ಪತ್ತು ನಿಮಿಷ ಇದೆ."

"ನಮ್ಮ ದೊಡ್ಡಮ್ಮನ ಫೋನು..."

"ಪೇಷಂಟ್ ಬಿಟ್ಟು ಫೋನ್ ನೋಡೋಕೆ ಬಂದೋರನ್ನ ಇವತ್ತೇ ಕಂಡಿದ್ದು," ಎಂದವರು ನನ್ನ ಮುಖ ನೋಡಿದರು. ಕೈ ತಾನಾಗಿ ಇಳಿಯಿತು.

ಕಿಟಕಿಯ ಪಕ್ಕದ ಮಂಚದಲ್ಲಿ ದೊಡ್ಡಮ್ಮ ದಿಂಬಿಗೆ ಒರಗಿ ಕೂತಿದ್ದಳು. ಫೋನು ಅವಳ ಅಂಗೈಯಲ್ಲಿತ್ತು. ಪರದೆ ಬೆಳಗುತ್ತಿತ್ತು.

ಅಣ್ಣ ಎದ್ದು ನಿಂತು ಹೇಳಿದ: "ನಾಳೆಯಿಂದ ದನಿ ಇರಲ್ಲ, ಒಂದು ಸಲ ನನ್ನದೇ ಕೇಳ್ಕೊತೀನಿ ಅಂದ್ಳು. ಆನ್ ಮಾಡ್ಕೊಟ್ಟೆ. ಅದೇನೋ ಆಗ್ತಿದೆ ನೋಡು."

ದೊಡ್ಡಮ್ಮ ತಲೆಯೆತ್ತಿದಳು. ಗುಡ್ಡದಲ್ಲಿ ಚಿರತೆಯ ಎದುರು ಕೋಲು ಹಿಡಿದು ನಿಂತಿದ್ದವಳೆಂದು ಹೆಸರಾದ ಹೆಂಗಸು. ಆ ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಿಸುದನಿಯಲ್ಲಿ, "ಒಂದೊಂದೇ ಹೋಗ್ತಿದೆ ಕಣೇ," ಎಂದಳು. "ನಾನು ಮುಟ್ಟೇ ಇಲ್ಲ. ನಾಳೆ ತಾನೇ ತೆಗೆಯೋದು? ಇವತ್ತೇ ಯಾರು ತೆಗೀತಿದಾರೆ?"

ಅವಳ ಹೆಬ್ಬೆರಳ ಕೆಳಗೆ ಪಟ್ಟಿಯ ಮೇಲಿನ ಸಾಲು ಮಾಯವಾಯಿತು. ಕೆಳಗಿನದು ಮೇಲೆ ಬಂತು. ಅದೂ ಮಾಯವಾಯಿತು.

ನಾನು ಫೋನು ಕಿತ್ತುಕೊಂಡೆ. ಹಿಂದಿನ ಮುಚ್ಚಳಕ್ಕೆ ಉಗುರು ಹಾಕಿದರೆ ಜಾರಿತು. ಇನ್ನೊಮ್ಮೆ ಹಾಕಿದೆ, ಉಗುರು ಸೀಳಿತು, ಮುಚ್ಚಳ ಎದ್ದಿತು. ಬ್ಯಾಟರಿ ಹಾರಿ ಮಂಚದ ಕೆಳಗೆ ಉರುಳಿತು. ಪರದೆ ಕಪ್ಪಾಯಿತು. ಕಪ್ಪಾಗುವ ಮೊದಲು ಮೇಲಿದ್ದ ಸಂಖ್ಯೆ ಕಂಡಿತ್ತು. ನಲವತ್ತೆರಡು ಉಳಿದಿದ್ದವು. ಹಳೆಯವೇ ಮೊದಲು ಹೋಗಿದ್ದವು. ನದಿಯನ್ನು ಮದುವೆಯಾಗಲು ಹೊರಟ ಕುಂಟನೂ ಹೋಗಿದ್ದ.

ಮಂಚದ ಅಂಚಿನಲ್ಲಿ ಕೂತು ಅವಳ ಪಾದ ಹಿಡಿದುಕೊಂಡೆ. ಎಲ್ಲವನ್ನೂ ಹೇಳಿದೆ. ಪರೀಕ್ಷೆಯಲ್ಲ ದೊಡ್ಡಮ್ಮ, ಮೊದಲ ದಿನದಿಂದಲೂ ನಿಜದ್ದೇ. ನಿನಗೆ ಸುಳ್ಳು ಹೇಳಿದೆ. ಆ ಸುಳ್ಳಿಗೇ ಇವತ್ತು ಇಪ್ಪತ್ತೊಂದು ಹೋದವು.

ಅವಳು ಪಾದವನ್ನು ನನ್ನ ಕೈಯಿಂದ ಎಳೆದುಕೊಂಡಳು. ಆ ಎಳೆತದಲ್ಲಿ ನಾನು ಬದುಕಿನಲ್ಲಿ ಕೇಳಬೇಕಾದ ಬೈಗುಳವೆಲ್ಲ ಇತ್ತು.

"ನನ್ನ ತಪ್ಪೆಲ್ಲ ಅದರೊಳಗೆ ಇದೆಯಾ ಹಾಗಾದ್ರೆ?"

"ಇದೆ."

"ನಡುನಡುವೆ ಬೈದಿದ್ದು?"

"ಅದೂ ಇದೆ."

"ನನ್ನ ನಾದಿನಿಯ ಅಡಿಗೆ ಬಗ್ಗೆ ಅಂದಿದ್ದು?"

ಅಣ್ಣ ಮುಖ ತಿರುಗಿಸಿಕೊಂಡ, ನಗು ತಡೆದ ಭುಜ ಕುಲುಕಿತು. "ಅದು ಉಳಿದಿರೋದರಲ್ಲೇ ಇದೆ ದೊಡ್ಡಮ್ಮ," ಎಂದೆ ನಾನು.

"ಹೋಗಬೇಕಾದ್ದು ಹೋಗಲ್ಲ ನೋಡು," ಎಂದಳು. ಆದರೆ ನಗಲಿಲ್ಲ. ಕೈ ಗಂಟಲಿನ ಮೇಲೆ ಹೋಯಿತು. "ಮತ್ತೆ ಹೇಳ್ತೀನಿ. ನಿನ್ನ ಫೋನ್ ತೆಗಿ."

ತೆಗೆದೆ. ಕೆಂಪು ಚುಕ್ಕೆ ಹೊತ್ತಿತು. ಅವಳು ಬಾಯಿ ತೆರೆದಳು, ಎರಡು ಮಾತು ಬಂತು, ಮೂರನೆಯದಕ್ಕೆ ಕೆಮ್ಮು. ಕೆಮ್ಮು ನಿಲ್ಲಲಿಲ್ಲ. ಕರವಸ್ತ್ರದಲ್ಲಿ ರಕ್ತದ ಕಲೆ. ನರ್ಸಮ್ಮ ಓಡಿ ಬಂದರು. "ಮಾತಾಡಿಸ್ಬೇಡಿ ಅಂತ ಬೋರ್ಡ್ ಹಾಕಿಲ್ವಾ? ಓದೋಕೆ ಬರಲ್ವಾ ನಿಮಗೆ?" ನೀರು ಕುಡಿಸಿ, ಒರಗಿಸಿ, ನನ್ನನ್ನು ಸುಡುವಂತೆ ನೋಡಿ ಹೋದರು.

ದೊಡ್ಡಮ್ಮ ಕಣ್ಣು ಮುಚ್ಚಿ ಉಸಿರು ಸುಧಾರಿಸಿಕೊಂಡಳು. ಆಮೇಲೆ ಬೆರಳು ಎತ್ತಿ ನನ್ನ ಕಡೆ ತೋರಿಸಿದಳು.

"ನೀನು ಹೇಳು."

"ನಾನಾ?"

"ಎರಡು ವರ್ಷ ನನ್ನೆದುರು ಕೂತು ಕೇಳಿದವಳು ಗೋಡೆನಾ?"

ನಮ್ಮ ನುಡಿ ನನಗೆ ಅರ್ಥವಾಗುತ್ತದೆ, ಪೂರ್ತಿಯಾಗಿ. ಆಡುವುದಿಲ್ಲ. ಶಾಲೆಯಲ್ಲಿ ಒಮ್ಮೆ ಆಡಿದಾಗ ಇಡೀ ತರಗತಿ ನಕ್ಕಿತ್ತು. ಅಂದಿನಿಂದ ನನ್ನ ನಾಲಿಗೆ ಆ ದಾರಿಯಲ್ಲಿ ಹೋಗಿಲ್ಲ. ಆ ನುಡಿಗೆ ಪೆಟ್ಟಿಗೆ ಕಟ್ಟಿದೆ, ಅದರ ಬಗ್ಗೆ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದೆ, ಅದರಲ್ಲಿ ಒಂದು ವಾಕ್ಯ ಆಡಲಿಲ್ಲ. ಮಂಚದ ಪಕ್ಕ ಕೆಂಪು ಚುಕ್ಕೆ ಉರಿಯುತ್ತಿತ್ತು. ಅದನ್ನು ನೋಡಿದರೆ ಏನಾಗುತ್ತದೆಂದು ಆಗ ನನಗೆ ತಿಳಿಯಿತು. ಬಾಯಿ ಒಣಗಿತು. ತಪ್ಪು ಹೇಳಿದರೆ ತಪ್ಪೇ ಉಳಿಯುತ್ತದೆ.

"ಹೆದರಿಕೆ ಆಗುತ್ತೆ ದೊಡ್ಡಮ್ಮ."

ಅವಳು ತಲೆಯಾಡಿಸಿದಳು. ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟಳು, ನಾಡಿ ನೋಡುವವರ ಹಾಗೆ, ಅಷ್ಟೇ.

ನಾನು ಶುರುಮಾಡಿದೆ. ಮೊದಲ ಪದವೇ ತೊದಲಿತು. ಬೆರಳು ಒತ್ತಿತು. ಮತ್ತೆ ಹೇಳಿದೆ. ಒತ್ತಿತು. ಮೂರನೆಯ ಸಲ ಒತ್ತಲಿಲ್ಲ. ಮುಂದೆ ಹೋದೆ. ತಪ್ಪಿದಲ್ಲಿ ಒತ್ತು, ಸರಿಯಿದ್ದಲ್ಲಿ ಸುಮ್ಮನೆ. ಕುಂಟ ನದಿಯ ಬಳಿ ಬರುವಷ್ಟರಲ್ಲಿ ನನ್ನ ಬೆನ್ನು ಬೆವರಿನಿಂದ ತೊಯ್ದಿತ್ತು. ಅಣ್ಣ ಬಾಗಿಲ ಕಡೆ ಕಾವಲು ಕೂತ. ಅಣ್ಣನೂ ನಮ್ಮ ನುಡಿ ಆಡಿದವನಲ್ಲ, ಆದರೆ ಅವನ ತುಟಿ ಸಣ್ಣಗೆ ಅಲುಗುತ್ತಿತ್ತು.

ಆರಕ್ಕೆ ಎಲ್ಲರನ್ನೂ ಹೊರಗೆ ಕಳಿಸಿದರು. ಹೋದ ಇಪ್ಪತ್ತೊಂದರಲ್ಲಿ ಆಗ ಏಳು ಆಗಿದ್ದವು. ಬೆಳಿಗ್ಗೆ ಆರಕ್ಕೇ ಬಂದು ನಿಂತೆ. ನರ್ಸಮ್ಮ ಏನೂ ಕೇಳದೆ ಬಾಗಿಲು ತೆರೆದರು. ಏಳೂವರೆಗೆ ಹನ್ನೊಂದು. ಒಂದನ್ನು ನಾನು ಪೂರ್ತಿ ಮರೆತಿದ್ದೆ. ಅವಳ ಕಡೆ ನೋಡಿದೆ. ಅವಳೂ ತಲೆಯಲ್ಲಾಡಿಸಿದಳು, ಅವಳಿಗೂ ನೆನಪಿರಲಿಲ್ಲ. ಆ ಹಾಡು ಈಗ ಎಲ್ಲಿಯೂ ಇಲ್ಲ. ಇದ್ದರೆ ಭಗವಂತನ ಕಿವಿಯಲ್ಲಿ ಇರಬೇಕು.

ಗಾಲಿಮಂಚ ಬಂತು. ಹಸಿರು ಬಟ್ಟೆ ಹೊದಿಸಿದರು. ಹನ್ನೆರಡನೆಯದರ ನಡುವೆ ಇದ್ದೆ, ತಾಯಿಯನ್ನು ಹುಡುಕುತ್ತ ಬೆಟ್ಟ ಬೆಟ್ಟಕ್ಕೂ ಕೂಗುವ ಮಗುವಿನ ಕಥೆ. ನಿಲ್ಲಿಸಲು ಹೋದರೆ ಬೆರಳು ಒತ್ತಿತು, ಗಟ್ಟಿಯಾಗಿ. ಹೇಳುತ್ತಲೇ ಪಕ್ಕದಲ್ಲಿ ನಡೆದೆ. ಗಾಲಿಗಳು ಕಿರುಗುಟ್ಟುತ್ತಿದ್ದವು. ಎದುರು ಬಂದವರು ದಾರಿ ಬಿಟ್ಟು, ಇದು ಯಾವ ಭಾಷೆಯೆಂದು ತಿರುಗಿ ನೋಡಿದರು. ನಾನು ದನಿ ತಗ್ಗಿಸಲಿಲ್ಲ.

ಬಾಗಿಲ ಬಳಿ ಅವಳ ಕೈಯನ್ನು ನನ್ನ ಮಣಿಕಟ್ಟಿನಿಂದ ಬಿಡಿಸಿದರು. ಅವಳ ತುಟಿ ಅಲುಗಿತು. ಏನೆಂದಳೋ ಗಾಲಿಯ ಸದ್ದಿನಲ್ಲಿ ಕೇಳಲಿಲ್ಲ. ಬಾಗಿಲು ಮುಚ್ಚಿತು.

ನಾನು ಅಲ್ಲೇ ನಿಂತು, ಮುಚ್ಚಿದ ಬಾಗಿಲಿಗೆ, ಮಗು ಮೂರನೆಯ ಬೆಟ್ಟ ಏರಿದ್ದನ್ನು ಹೇಳಿದೆ. ನಾಲ್ಕನೆಯದನ್ನೂ ಹೇಳಿದೆ. ಒಂದು ಪದ ಬಂದಾಗ ಅದು ಹೌದೋ ಅಲ್ಲವೋ ತಿಳಿಯದೆ ನಿಂತೆ, ಮಣಿಕಟ್ಟು ಬರಿದಾಗಿತ್ತು. ಕಾಲಿನಿಂದ ಮತ್ತೆ ತಣ್ಣಗಾಗತೊಡಗಿತು. ಮನಸ್ಸಿಗೆ ಬಂದ ಪದವನ್ನೇ ಗಟ್ಟಿಯಾಗಿ ಹೇಳಿ ಮುಂದಕ್ಕೆ ಹೋದೆ.