ಒಂದು ಗಜದ ದಾಖಲೆಗಳು

ಆಟೋಟ ಅಂದರೆ ಓಡುವವರದ್ದು ಎಂದು ತಿಳಿದವರು ಮುಳ್ಳೂರಿನ ಪುಟ್ಟಮಾದಪ್ಪನನ್ನು ನೋಡಿಲ್ಲ ಅಂತಲೇ ಅರ್ಥ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ತಾಲ್ಲೂಕಿನ ಮಕ್ಕಳನ್ನು ಸೇರಿಸಿ ಕ್ರೀಡಾಭಿಮಾನಿ ಸಂಘದವರು ವರ್ಷಕ್ಕೊಮ್ಮೆ ನಡೆಸುವ ಕೂಟದಲ್ಲಿ ಅಧ್ಯಕ್ಷರಿಗೆ ಹಾರ, ಅತಿಥಿಗಳಿಗೆ ಪೇಟ, ಗೆದ್ದವರಿಗೆ ಪದಕ, ಸೋತವರಿಗೆ ಬಾಳೆಹಣ್ಣು ಸಿಗುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ಕೂಟದ ಮೈದಾನಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದ ಪುಟ್ಟಮಾದಪ್ಪನಿಗೆ ಸಿಕ್ಕಿದ್ದು ಅಂಗೈ ತುಂಬ ಬಿರುಕು. ಅದಕ್ಕೆ ಅವನೇನೂ ಬೇಜಾರು ಮಾಡಿಕೊಂಡವನಲ್ಲ. ಗೆರೆ ಇಲ್ಲದಿದ್ದರೆ ಅವರೆಲ್ಲ ಓಡುವುದಕ್ಕೂ ದನ ಬೆದರಿ ಓಡುವುದಕ್ಕೂ ಏನು ವ್ಯತ್ಯಾಸ ಎಂದು ಹೆಂಡತಿ ಸುವರ್ಣಮ್ಮನ ಮುಂದೆ ಹೇಳಿಕೊಂಡು ಹೆಮ್ಮೆಪಡುತ್ತಿದ್ದ.

ಅವನ ಕಸುಬೆಲ್ಲ ಒಂದು ಹಗ್ಗದಲ್ಲಿತ್ತು. ಮೈದಾನದ ನಡುವೆ ಎರಡು ಕಲ್ಲು ಹೂತಿದ್ದಾರೆ. ಹಗ್ಗದ ಒಂದು ತುದಿಯನ್ನು ಕಲ್ಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು, ಗಾಣದೆತ್ತಿನ ಹಾಗೆ ಅರ್ಧ ಸುತ್ತು ಬಂದರೆ ಒಂದು ತಿರುವು. ಆಚೆ ಕಲ್ಲಿನಿಂದ ಇನ್ನೊಂದು ತಿರುವು. ಎರಡನ್ನೂ ನೇರ ಗೆರೆಯಿಂದ ಕೂಡಿಸಿದರೆ ಇನ್ನೂರು ಮೀಟರಿನ ಸುತ್ತು ತಯಾರು. ಸಂಘದವರು ಉಕ್ಕಿನ ಟೇಪು ಕೊಂಡು ಮೂರು ವರ್ಷವಾಗಿತ್ತು. ಕಳೆದುಹೋದೀತು ಎಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕಳೆದುಹೋದದ್ದು ಬೀಗದಕೈ. ಹೀಗಾಗಿ ಹಗ್ಗವೇ ಗತಿ. ಅದು ವರ್ಷವೆಲ್ಲ ಪುಟ್ಟಮಾದಪ್ಪನ ಮನೆಯ ಅಟ್ಟದ ಮೇಲಿರುತ್ತಿತ್ತು. ಅಳತೆ ಮುಗಿಯುವ ತುದಿಗೆ ಗುರುತಿಗೆಂದು ಕೆಂಪು ಬಟ್ಟೆ ಹೊಲಿದಿತ್ತು.

ಈ ವರ್ಷ ಅವನಿಗೆ ಗೆರೆಯ ಚಿಂತೆಗಿಂತ ದೊಡ್ಡ ಚಿಂತೆಯೊಂದಿತ್ತು. ಮಗಳು ದೀಪಶ್ರೀ ಹತ್ತನೇ ತರಗತಿ, ಎಂಟುನೂರು ಮೀಟರ್ ಓಟಗಾರ್ತಿ. ಅಷ್ಟು ದೂರವನ್ನು ಎರಡೂವರೆ ನಿಮಿಷದೊಳಗೆ ಓಡಿದ ಹುಡುಗಿಗೆ ಮೈಸೂರಿನ ಒಂದು ಕ್ರೀಡಾ ವಸತಿಶಾಲೆಗೆ ಶಿಫಾರಸು ಪತ್ರ ಕೊಡುವುದಾಗಿ ಸಂಘ ಸಾರಿತ್ತು. ಸೇರಿಕೊಂಡರೆ ಊಟ, ಬೂಟು, ತರಬೇತಿ, ಓದು ಎಲ್ಲ ಅವರದೇ. ದೀಪಶ್ರೀ ಆರು ತಿಂಗಳಿಂದ ಕೆರೆ ಏರಿಯ ಮೇಲೆ ಓಡುತ್ತಿದ್ದಳು. ಎರಡು ನಿಮಿಷ ಮೂವತ್ತಮೂರು ಸೆಕೆಂಡಿಗೆ ಬಂದು ನಿಂತದ್ದು ಅಲ್ಲಿಂದ ಇಳಿಯಲೇ ಇಲ್ಲ. ಸುವರ್ಣಮ್ಮ ಹುರುಳಿಕಟ್ಟಿನ ಸಾರು ಕುಡಿಸಿ ನೋಡಿದಳು, ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟಿ ನೋಡಿದಳು, ಆ ಮೂರು ಸೆಕೆಂಡು ಮಿಸುಕಲಿಲ್ಲ.

ಕೂಟದ ಮೊದಲ ದಿನ ಏನಾಯಿತೆಂದರೆ, ಬೆಳಿಗ್ಗೆ ಸಾವಿರದೈನೂರು ಮೀಟರ್ ಓಟದಲ್ಲಿ ಮೊದಲ ಆರು ಜನವೂ ಹಳೆಯ ದಾಖಲೆ ಮುರಿದರು. ಆರನೆಯವನು ಗೋಪಿನಾಥಂನಿಂದ ಹಿಂದಿನ ದಿನವೇ ಬಸ್ಸು ಹತ್ತಿ ಬಂದವನು, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿದ್ದನಂತೆ. ನಾನೂರರಲ್ಲಿ ದಾಖಲೆ ಹೋಯಿತು, ಇನ್ನೂರರಲ್ಲಿ ಹೋಯಿತು. ಸಂಜೆ ಹೊತ್ತಿಗೆ ಹದಿನೇಳು ದಾಖಲೆ ನೆಲಕಚ್ಚಿದ್ದವು. ಎಂಟುನೂರರಲ್ಲಿ ದೀಪಶ್ರೀ ಮೊದಲು ಬಂದಳು. ಎರಡು ನಿಮಿಷ ಇಪ್ಪತ್ತೆಂಟು ಸೆಕೆಂಡು. ತಿರುವಿನಲ್ಲಿ ಸುಣ್ಣದ ಡಬ್ಬ ಹಿಡಿದು ನಿಂತಿದ್ದ ಪುಟ್ಟಮಾದಪ್ಪ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಸುಣ್ಣ ಬಳಿದುಕೊಂಡ.

ದಾಖಲೆಗೆ ಕಾರಣ ಹುಡುಕುವುದೇನೂ ಕಷ್ಟವಾಗಲಿಲ್ಲ. ವ್ಯಾಯಾಮದ ಮೇಷ್ಟ್ರು ಚನ್ನಬಸವ ತಮ್ಮ ತರಬೇತಿ ಎಂದರು. ಅಕ್ಕಿ ಗಿರಣಿ ಮಾಲೀಕರೂ ಸಂಘದ ಅಧ್ಯಕ್ಷರೂ ಆದ ಉದಯಕುಮಾರ್, ತಾವು ಹಂಚಿಸಿದ ಏಲಕ್ಕಿ ಬಾಳೆ ಎಂದರು. ಮೈಕಿನವನು ಈ ಮಣ್ಣಿನ ಗುಣ ಎಂದು ನೂರು ಸಲ ಹೇಳಿದ. ಗುಂಡು ಎಸೆಯುವವರೂ ಉದ್ದ ಜಿಗಿಯುವವರೂ ಅದೇ ಮಣ್ಣಿನ ಮೇಲೆ ನಿಂತು ತಲಾ ಎರಡು ಬಾಳೆಹಣ್ಣು ತಿಂದರೂ ಒಂದು ದಾಖಲೆಯೂ ಯಾಕೆ ಆಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಗೆದ್ದ ಹೊತ್ತಿನಲ್ಲಿ ಲೆಕ್ಕ ಕೇಳುವವನಿಗಿಂತ ಅಪಶಕುನ ಬೇರೆ ಇಲ್ಲ.

ಅಪ್ಪ, ಮಗಳು ಮುಳ್ಳೂರಿಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಕೊಟ್ಟಿಗೆಯ ಮುಂದೆ ಹೊಸ ಕರು ನಿಂತಿತ್ತು. ಕೊರಳಲ್ಲಿ ಒಂದು ಗಜದ ಹಗ್ಗ, ಅದರ ತುದಿಯಲ್ಲಿ ಕೆಂಪು ಬಟ್ಟೆ. ಪುಟ್ಟಮಾದಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಅದನ್ನೇ ನೋಡುತ್ತಾ ನಿಂತ. ಬೆಳಿಗ್ಗೆ ಮೈದಾನದಲ್ಲಿ ತಾನು ಹಿಡಿದ ತುದಿಗೂ ಕೆಂಪು ಬಟ್ಟೆ ಇತ್ತಲ್ಲ ಎಂದು ಹೆಂಡತಿಯನ್ನು ಕೇಳಿದ.

"ಕರ ಕಟ್ಟಕ್ಕೆ ಅಗ್ಗ ಇರ್ನಿಲ್ಲ, ನೆನ್ನೆ ರಾತ್ರಿ ಒಂದ್ ಗಜ ಕುಯ್ಕಂಡೆ. ಮೊಂಡಾಗಿ ಕಂಡ್ರೆ ನಿಮ್ಗೆ ಬೇಜಾರಾದದು ಅಂತ ತಿರ್ಗ ಕೆಂಪು ಬಟ್ಟೆ ಒಲ್ದು ಮಡ್ಗಿದ್ನಲ್ಲ" ಎಂದಳು ಸುವರ್ಣಮ್ಮ. ಹೊಲಿಗೆ ಚೆನ್ನಾಗಿ ಬಂದಿತ್ತು ಎಂಬ ಸಂತೋಷ ಅವಳ ದನಿಯಲ್ಲಿತ್ತು.

ಲೆಕ್ಕ ಹಾಕಿದವಳು ದೀಪಶ್ರೀ. ಗಣಿತದ ಪುಸ್ತಕ ತಂದು ಜಗಲಿಯ ಮೇಲೆ ಕೂತು, ವೃತ್ತದ ಸೂತ್ರ ಬರೆದು, ಎರಡು ಸಲ ಗುಣಿಸಿದಳು. ಹಗ್ಗದಲ್ಲಿ ಒಂದು ಗಜ ಹೋದರೆ ಒಂದು ಸುತ್ತಿಗೆ ಆರು ಗಜದ ಮೇಲೆ ಹೋಗುತ್ತದೆ. ಎಂಟುನೂರು ಮೀಟರಿಗೆ ನಾಲ್ಕು ಸುತ್ತು. ಇಪ್ಪತ್ತೈದು ಗಜವನ್ನು ಅವಳು ಓಡಿಯೇ ಇರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ಅಂಗಾದ್ರೆ ನಾನು ಇನ್ನೂ ಎರ್ಡೂವರೆ ಮ್ಯಾಲೇ ಅವ್ನಿ ಅಪ್ಪ" ಎಂದು ಒಳಗೆ ಹೋದಳು.

ಸುವರ್ಣಮ್ಮ ಗಂಡನ ಕೈ ಹಿಡಿದುಕೊಂಡು ಬೇಡಿದಳು. ಎಲ್ಲರೂ ಅಷ್ಟೇ ದೂರ ಓಡಿದ್ದಾರೆ, ನನ್ನ ಮಗಳೊಬ್ಬಳಿಗೇ ಗೆರೆ ಗಿಡ್ಡ ಮಾಡಿದ್ದೇವಾ, ಕುಯ್ದವಳು ನಾನು, ಪಾಪ ಬಂದರೆ ನನಗೇ ಬರಲಿ, ಬಾಯಿಗೆ ಬೀಗ ಹಾಕಿಕೊಂಡಿರಿ ಎಂದಳು. ಅವಳ ಮಾತಿನಲ್ಲೂ ನ್ಯಾಯವಿತ್ತು. ಮಗಳ ಬೂಟಿನ ಹೆಬ್ಬೆರಳಿನ ತೂತು ಪುಟ್ಟಮಾದಪ್ಪನಿಗೂ ಕಾಣುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವನು ಗಳಿಸಿದ್ದು ಅಂತ ಇದ್ದರೆ ಅದೊಂದೇ, ಪುಟ್ಟಮಾದಪ್ಪನ ಗೆರೆ ಅಂದರೆ ಗೆರೆ ಎಂಬ ಮಾತು. ಅದು ಹೊಟ್ಟೆ ತುಂಬಿಸುವುದಿಲ್ಲ, ನಿಜ. ಹಾಗಂತ ಅದನ್ನು ಬಿಟ್ಟು ಅವನಿಗೆ ಉಣ್ಣಲೂ ಬರುತ್ತಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಚನ್ನಬಸವ ಮೇಷ್ಟ್ರಿಗೆ ವಿಷಯ ಹೇಳಿದ. ಮೇಷ್ಟ್ರು ಆಚೀಚೆ ನೋಡಿ, ಇನ್ನು ಯಾರಿಗೆ ಹೇಳಿದ್ದೀಯ ಎಂದು ಕೇಳಿ, ಅವನನ್ನು ಶಾಮಿಯಾನದೊಳಗೆ ಅಧ್ಯಕ್ಷರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಹದಿನೇಳು ದಾಖಲೆಗಳ ಫ್ಲೆಕ್ಸು ಆಗಲೇ ನಿಂತಿತ್ತು. ಅದರಲ್ಲಿ ಓಡಿದವರ ಹೆಸರು ಸಣ್ಣಗೆ, ಉದಯಕುಮಾರರ ಮುಖ ದೊಡ್ಡದಾಗಿ ಇತ್ತು. ಅಧ್ಯಕ್ಷರು ನಕ್ಕುಬಿಟ್ಟರು.

"ಲೇ ಪುಟ್ಟಮಾದಪ್ಪ, ಇಷ್ಟು ದೊಡ್ ಮೈದಾನದಲ್ಲಿ ಒಂದ್ ಗಜಕ್ಕೆ ತಲೆ ಕೆಡಿಸ್ಕತೀಯಲ್ಲೋ."

"ನಿಮ್ಮ ಗದ್ದೆ ಬದೀನಲ್ಲಿ ಒಂದ್ ಗಜಕ್ಕೆ ಅನ್ನೊಂದ್ ವರ್ಸದಿಂದ ಕೋರ್ಟಿಗೆ ಅಲೀತಾ ಇದ್ದೀರಲ್ಲ ಸಾ" ಎಂದ ಪುಟ್ಟಮಾದಪ್ಪ. ಅವನಿಗೆ ಕೊಂಕು ಬರುವುದಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದ.

ಅಧ್ಯಕ್ಷರ ನಗು ನಿಂತಿತು. ಆರೋಪ ಗಂಭೀರವಾದದ್ದು, ತನಿಖೆ ಆಗಲೇಬೇಕು ಎಂದು ಅಲ್ಲೇ ಮೂವರ ಅಳತೆ ಸಮಿತಿ ಮಾಡಿದರು. ಸಮಿತಿ ಬಿಸಿಲಲ್ಲಿ ಮೈದಾನಕ್ಕಿಳಿದು, ಟೇಪು ಬೀರುವಿನಲ್ಲಿದ್ದ ಕಾರಣ, ಅದೇ ಹಗ್ಗವನ್ನು ಅದೇ ಕಲ್ಲಿಗೆ ಕಟ್ಟಿ ಎಳೆಯಿತು. ಕೆಂಪು ಬಟ್ಟೆ ಕೂದಲಷ್ಟೂ ಆಚೀಚೆಯಾಗದೆ ಗೆರೆಯ ಮೇಲೆ ಬಂದು ನಿಂತಿತು. ಹಗ್ಗಕ್ಕೆ ಗೆರೆ ಸರಿ, ಗೆರೆಗೆ ಹಗ್ಗ ಸರಿ. ಅಳತೆ ನಿಖರವಾಗಿದೆ ಎಂದು ಬರೆದು ಮೂವರೂ ರುಜು ಹಾಕಿದರು. ಕೌದಳ್ಳಿಯಿಂದ ಬಂದ ಮೇಷ್ಟ್ರೊಬ್ಬರು, ಇಷ್ಟು ನಿಖರವಾದ ಅಳತೆಯನ್ನು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ ಎಂದರು. ಪುಟ್ಟಮಾದಪ್ಪನೂ ಒಂದು ರುಜು ಹಾಕಲಿ ಎಂದು ಕಾಗದ ಅವನ ಕಡೆ ಬಂತು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ.

ಆಗ ದೀಪಶ್ರೀ ಬಂದಳು, ಹಿಂದೆಯೇ ಏದುಸಿರು ಬಿಡುತ್ತಾ ಸುವರ್ಣಮ್ಮ. ಹುಡುಗಿಯ ಕೈಯಲ್ಲಿ ಕರುವಿನ ಕೊರಳಿಂದ ಬಿಚ್ಚಿದ ಹಗ್ಗದ ತುಂಡಿತ್ತು. "ಸೇರ್ಸು ಅಪ್ಪ. ಸರಿಯಾಗಿ ಗೆರೆ ಆಕು, ನಾನು ಓಡ್ತೀನಿ" ಎಂದಳು.

ಪುಟ್ಟಮಾದಪ್ಪ ಎರಡು ತುದಿಗಳನ್ನು ಮುಟ್ಟಿಸಿ, ಬಿದಿರ ಕಡ್ಡಿ ಒತ್ತುಕೊಟ್ಟು, ಅಳತೆಯಲ್ಲಿ ಒಂದು ಬೆರಳೂ ಹೋಗದಂತೆ ದಾರ ಸುತ್ತಿದ. ಮುಖ್ಯ ಅತಿಥಿಗಳು ಹತ್ತಕ್ಕೆ ಬರಬೇಕಾದವರು ಹನ್ನೆರಡಾದರೂ ಬಂದಿರಲಿಲ್ಲ. ಹಾಗಾಗಿ ಯಾರಿಗೂ ಬೇರೆ ಕೆಲಸವಿರಲಿಲ್ಲ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೊಸ ಗೆರೆ ಹಳೆಯದರಿಂದ ಒಂದು ಗಜ ಆಚೆ ಬರುತ್ತಾ ಬರುತ್ತಾ ಶಾಮಿಯಾನದ ಮುಂದಿನ ಸಾಲಿನ ಕುರ್ಚಿಗಳ ಕೆಳಗೇ ನುಗ್ಗಿತು. ಪುಟ್ಟಮಾದಪ್ಪ ಡಬ್ಬ ಹಿಡಿದು ಅಧ್ಯಕ್ಷರ ಮುಂದೆ ನಿಂತ.

"ವಸಿ ಏಳಿ ಸಾ. ಗೆರೆ ನಿಮ್ಮ ಕುರ್ಚಿ ಅಡೀಲೇ ಓಯ್ತದೆ."

ಫೋಟೋ ತೆಗೆಯುವವನು ಕ್ಯಾಮೆರಾ ಎತ್ತಿದ್ದ. ಅಧ್ಯಕ್ಷರು ಎದ್ದರು. ಅವರು ಎದ್ದದ್ದು ನೋಡಿ ಸಮಿತಿ ಎದ್ದಿತು, ಪೇಟ ಹಿಡಿದುಕೊಂಡು ಕೂತವರು ಎದ್ದರು, ಸಾಲಿಗೆ ಸಾಲೇ ಕುರ್ಚಿ ಎತ್ತಿಕೊಂಡು ಒಂದು ಗಜ ಹಿಂದಕ್ಕೆ ಸರಿಯಿತು. ಮೈಕಿನವನು ಇದನ್ನು ಅತಿಥಿಗಳ ಸ್ವಾಗತಕ್ಕಾಗಿ ಪ್ರದರ್ಶನ ಓಟ ಎಂದು ಸಾರಿದ. ಚಪ್ಪಾಳೆಯೂ ಬಿತ್ತು.

ದೀಪಶ್ರೀ ಒಬ್ಬಳೇ ಓಡಿದಳು. ಓಟ ಮುಗಿಯುವ ಗೆರೆಯ ಹತ್ತಿರ ಸುವರ್ಣಮ್ಮ ಫೋನಿನಲ್ಲಿ ಹೊತ್ತು ಹಿಡಿಯಲು ನಿಂತಳು, ತಾನೇ ಹಿಡಿಯುತ್ತೇನೆ ಎಂದು ಹಟ ಹಿಡಿದಿದ್ದಳು. ಮೊದಲ ಎರಡು ಸುತ್ತು ಹುಡುಗಿ ನಿನ್ನೆಯಂತೆಯೇ ಓಡಿದಳು. ಮೂರನೆಯದರಲ್ಲಿ ಉಸಿರು ದಪ್ಪವಾಯಿತು. ನಾಲ್ಕನೆಯದರ ಕೊನೆಯ ನೇರಕ್ಕೆ ತಿರುಗಿದಾಗ ಅವಳ ಕಾಲು ಭಾರವಾದದ್ದು ಪುಟ್ಟಮಾದಪ್ಪನಿಗೆ ನಿಂತಲ್ಲಿಂದಲೇ ಗೊತ್ತಾಯಿತು. ಅಷ್ಟರಲ್ಲಿ ಸುವರ್ಣಮ್ಮ ಫೋನ್ ಒತ್ತಿ ಎತ್ತಿ ಹಿಡಿದಳು. ಎರಡು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು.

ಚನ್ನಬಸವ ಮೇಷ್ಟ್ರು ಓಡಿಬಂದು ನೋಡಿದರು. ನೋಡಿದಿರಾ, ದೊಡ್ಡ ಗೆರೆಯಲ್ಲೂ ಆಯಿತಲ್ಲ ಎಂದು ಶಿಫಾರಸು ಪತ್ರವನ್ನು ಜೇಬಿನಿಂದ ತೆಗೆದರು. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳೊಬ್ಬಳ ಓಟದಿಂದ ಅವರಿಗೆ ಹದಿನೇಳು ದಾಖಲೆಯೂ ಒಂದೇ ಉಸಿರಿಗೆ ಉಳಿದುಕೊಂಡಿತ್ತು. ಹೆಂಡತಿಯ ಹೆಬ್ಬೆರಳು ಇಳಿದಾಗ ಮಗಳು ಗೆರೆಯಿಂದ ಇನ್ನೂ ಎಂಟು ಹತ್ತು ಮಾರು ಆಚೆ, ಬಾವುಟದ ಕಂಬದ ಹತ್ತಿರ ಇದ್ದದ್ದನ್ನು ಪುಟ್ಟಮಾದಪ್ಪ ಕಣ್ಣಾರೆ ಕಂಡಿದ್ದ. ಬೆಳಿಗ್ಗೆ ಅಷ್ಟು ಜನರ ಮುಂದೆ ಬಂದ ಮಾತು ಈಗ ಸುವರ್ಣಮ್ಮನ ಮುಖ ನೋಡಿ ಬರಲಿಲ್ಲ. ಅವಳು ಅಳುತ್ತಾ ನಗುತ್ತಾ ನಿಂತಿದ್ದಳು. ಅವನು ತಲೆ ತಗ್ಗಿಸಿದ.

ದೀಪಶ್ರೀ ಮಂಡಿಯ ಮೇಲೆ ಕೈಯೂರಿ ಉಸಿರು ಹಿಡಿದುಕೊಂಡಳು. ಮೇಷ್ಟ್ರು ಚಾಚಿದ ಪತ್ರವನ್ನು ನೋಡಿದಳು. ಆಮೇಲೆ ತಾಯಿಯ ಹತ್ತಿರ ಹೋಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

"ಅವ್ವ, ನೀನು ಒತ್ತದಾಗ ನಾನಿನ್ನೂ ಆ ಬಾವುಟದ ತಾವ್ ಇದ್ದೆ."

"ಕಣ್ಣು ಮಂಜಾಗೋಯ್ತು ಕಣವ್ವ" ಎಂದಳು ಸುವರ್ಣಮ್ಮ.

"ಬುಡು, ವಸಿ ನೀರ್ ಕೊಡು." ನೀರು ಕುಡಿದು ಬಾಯಿ ಒರೆಸಿಕೊಂಡು ಮೇಷ್ಟ್ರ ಕಡೆ ತಿರುಗಿದಳು. "ಸಂಜಿಕೆ ಇನ್ನೊಂದ್ ಸಲ ಓಡ್ತೀನಿ ಸಾ. ಎರ್ಡೂವರೆ ಒಳಗ್ ಬಂದ್ರೆ ಆಗ ಕೊಡಿ. ಪೋನು ಅಪ್ಪನ್ ಕೈಲಿರ್ಲಿ."

ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಮೈದಾನಕ್ಕೆ ನುಗ್ಗಿ, ಹೊಸ ಗೆರೆಯನ್ನು ಎರಡು ಕಡೆ ಅಳಿಸಿಕೊಂಡು ಬಂದು ಶಾಮಿಯಾನದ ಮುಂದೆ ನಿಂತಿತು. ಎಲ್ಲರೂ ಹಾರ ಹಿಡಿದು ಆ ಕಡೆ ಓಡಿದರು. ಸುವರ್ಣಮ್ಮ ಫೋನನ್ನು ಸೆರಗಿನಿಂದ ಒರೆಸಿ ಗಂಡನ ಕೈಗೆ ಕೊಟ್ಟಳು. ಪುಟ್ಟಮಾದಪ್ಪ ಅದನ್ನು ಜೇಬಿಗೆ ಹಾಕಿಕೊಂಡು, ಡಬ್ಬಕ್ಕೆ ಸುಣ್ಣ ತುಂಬಿಸತೊಡಗಿದ.