ಪೆರುಮಾಳ್ ತಾತನ ಸುತ್ತು

ಸೇಲಂ ಬಳಿಯ ಕಡಯಂಪಟ್ಟಿಯ ಸಬ್ಬಕ್ಕಿ ಮಿಲ್ಲಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಪೆರುಮಾಳ್ ತಾತ ಒಬ್ಬರೇ. ಬಿಸಿಲಿಗೆ ಹರವಿದ ಸಬ್ಬಕ್ಕಿಯ ಕಾವಲು ಅವರದು. ಕೋಲು ಹಿಡಿದು, ಒಣಹಾಕುವ ಅಂಗಳವಾದ ಕಳವನ್ನು ಸುತ್ತುತ್ತ, ಮೇಕೆ ಅಟ್ಟುತ್ತ, ಪ್ರತಿ ಸುತ್ತಿಗೂ ನನ್ನ ಆಫೀಸಿನ ಕಿಟಕಿಗೆ ಬಂದು ನಿಲ್ಲುವರು.

"ಆಮ್ಯಾಕೆ ಏನಾದ್ಲು ತಾಯಿ, ಆ ರಾಣಿ?"

ನನ್ನ ಅಜ್ಜಿ ದೊಡ್ಡಮುನಿಯಮ್ಮ ಸತ್ತ ಮೇಲೆ ಅವಳ ಕತೆಗಳಿಗೆ ಮನೆಯಲ್ಲಿ ಕಿವಿಯಿರಲಿಲ್ಲ. ತಂಗಿಗೆ ತಮಿಳೇ ಹಿತ. ಹಾಗಾಗಿ ಸುತ್ತಿಗಿಷ್ಟು ಎಂದು ತುಂಡುಮಾಡಿ ತಾತನಿಗೆ ಹೇಳುತ್ತಿದ್ದೆ. ರಾಣಿಯೊಬ್ಬಳು ಬೆಟ್ಟ ಇಳಿಯಲು ಕೆಲವೊಮ್ಮೆ ಮಧ್ಯಾಹ್ನವೆಲ್ಲ ಬೇಕಾಗುತ್ತಿತ್ತು.

ತೊಂಬತ್ತೊಂಬತ್ತರ ಬೇಸಗೆಯಲ್ಲಿ ಕಳದಿಂದ ನಾಲ್ಕು ಮೂಟೆ ಕಾಣೆಯಾದವು. ಮಿಲ್ಲಿನ ಯಜಮಾನರು, ನಮ್ಮ ಮೊದಲಾಳಿ ಕುಪ್ಪುಸ್ವಾಮಿ, ಎರಡು ಬಗೆಯ ಕ್ಯಾಮೆರಾಗಳ ವಿವರದ ಕಾಗದ ತಂದು ನನ್ನ ಮೇಜಿನ ಮೇಲಿಟ್ಟರು. ಒಂದರಿಂದ ವಯರ್ ಎಳೆದು ಟೀವಿಗೆ ಸಿಕ್ಕಿಸಬೇಕು. ಅದರ ಮುಂದೆ ಯಾರಾದರೂ ಕೂತಿರಬೇಕು. ಇನ್ನೊಂದು ಕಂಪ್ಯೂಟರಿನದು, ಫೋನ್ ಲೈನಿನಲ್ಲಿ ಚಿತ್ರ ಸೇಲಂನ ಅವರ ಮನೆಗೇ ಹೋಗುತ್ತದೆ.

"ಕಂಪ್ಯೂಟರ್ ಓದಿದವಳಲ್ವಾ ಮುನಿಲಕ್ಷ್ಮಿ, ಯಾವುದು ವಾಸಿ ಹೇಳು," ಎಂದು ತಮಿಳಿನಲ್ಲಿ ಕೇಳಿದರು. "ಎರಡನೇದು ಬಂದರೆ ಪೆರುಮಾಳನ್ನ ಮನೆಗೆ ಕಳಿಸಿಬಿಡಬಹುದು."

ಆ ಎರಡನೆಯದೇ ನನಗೆ ಇಷ್ಟವಾಗಿತ್ತು. ಸೇಲಂನಲ್ಲಿ ಕೂತವರಿಗೆ ನಮ್ಮ ಕಳದ ಬಿಸಿಲು ಕಾಣುವುದೆಂದರೆ, ಅದು ಅಜ್ಜಿಯ ಕತೆಯಲ್ಲೇ ಬರಬೇಕಾಗಿದ್ದ ಮಾತು. ಆದರೂ ಹೇಳಿದೆ.

"ಬೇಡ ಸಾರ್. ಫೋನು ವಾರದಲ್ಲಿ ಮೂರು ದಿನ ಸತ್ತಿರುತ್ತೆ. ಇದ್ದಾಗಲೂ ಚಿತ್ರ ನಿಂತು ನಿಂತು ಬರುತ್ತೆ, ಅಷ್ಟರಲ್ಲಿ ಮೂಟೆ ಗೇಟು ದಾಟಿರುತ್ತೆ. ವಯರಿನದೇ ಸಾಕು. ತಾತ ಕೂತು ನೋಡ್ಕೊಳ್ತಾರೆ."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾರಣ ಮಾತ್ರ ಬೇರೆ ಇತ್ತು.

ಕಳದಾಚೆಯ ಗೋದಾಮಿಗೆ ಟೀವಿ ಬಂತು, ಫ್ಯಾನು ಬಂತು, ತಾತನಿಗೊಂದು ಕುರ್ಚಿ ಬಂತು. ಕಿಟಕಿಗೆ ಯಾರೂ ಬರಲಿಲ್ಲ. ವಾರ ಕಳೆಯಿತು. ಊಟದ ಹೊತ್ತಿಗೆ ನಾನೇ ಗೋದಾಮಿಗೆ ಹೋಗಿ ಇಣುಕಿದರೆ, "ಮೊದಲಾಳಿ ಕಣ್ಣು ತೆಗೀಬ್ಯಾಡ ಅಂದವ್ರೆ. ಕತೆ ಆಮ್ಯಾಕೆ," ಅನ್ನುವರು, ಪರದೆಯಿಂದ ಮುಖ ತಿರುಗಿಸದೆ.

ಒಂದು ಮಧ್ಯಾಹ್ನ ಹೋಗಿ ಕಳದ ನಡುವೆ, ಕ್ಯಾಮೆರಾದ ಎದುರಿಗೆ ನಿಂತೆ. ಅಂಗಾಲು ಸುಡುತ್ತಿತ್ತು. ಒಳಗೆ ಟೀವಿಯಲ್ಲಿ, ಹೆಬ್ಬೆರಳಷ್ಟು ಚಿಕ್ಕದಾಗಿ, ಬಣ್ಣವಿಲ್ಲದೆ, ನಾನು ತಾತನಿಗೆ ಕಾಣುತ್ತಿದ್ದೆ. ಕೈ ಎತ್ತಿದೆ.

ಗೋದಾಮಿನ ಬಾಗಿಲಿಂದ ದನಿ ಬಂತು.

"ವಸಿ ಅತ್ಲಾಗೆ ನಿಂತ್ಕ ತಾಯಿ. ಅಡ್ಡ ಐದಿಯ, ಸಬ್ಬಕ್ಕಿ ಕಾಣಕಿಲ್ಲ."

ಸರಿದೆ.

"ಇನ್ನೂ ವಸಿ ಓಗು."

ಕಳದ ಅಂಚು ದಾಟುವವರೆಗೂ ಸರಿದೆ.

"ಆಂ, ಈಗ ಸರಿ ಓಯ್ತು," ಅಂದರು ತಾತ.